ಅಜ್ಜಿಯ ಮಂಚದ ಶ್ರುತಿ

ಪ್ರೀತಿಯ ರಾಘು,

ನಿಮ್ಮ ಹಳೆ ಮನೆ ಬಿಚ್ಚಿದಾಗ ಅಜ್ಜಿಯ ಮಂಚವನ್ನು ನಾನು ತಂದಿದ್ದು ನೆನಪಿದೆ ಅಲ್ವಾ? ಒಂದು ಬದಿಗೆ ಕುಟ್ಟೆ ಹಿಡಿದಿತ್ತು. ಸೌದೆಗೆ ಹೋಗುತ್ತದೆ ಅಂತ ಗೊತ್ತಾಗಿ ಕೇಳಿ ತಂದೆ. "ಏನು ಮಾಡ್ತೀಯೋ ಅದನ್ನ?" ಅಂತ ನೀನು ಫೋನಿನಲ್ಲಿ ಕೇಳಿದ್ದೆ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಕಳೆದ ಶನಿವಾರ ನಮ್ಮೂರ ಶಾಲೆಯ ಸಭಾಂಗಣದಲ್ಲಿ ನಿನ್ನ ಚಿಕ್ಕಪ್ಪ ಆ ಮಂಚದ ಶ್ರುತಿ ಹಿಡಿದು ಹಾಡಿದರು.

ಮೊದಲಿಂದ ಹೇಳುತ್ತೇನೆ. ಬೇಸಿಗೆಯಲ್ಲಿ ಮಂಚ ಬಿಚ್ಚುವಾಗ ಪಕ್ಕದ ಬೀಟೆ ಹಲಗೆ ಕೈಜಾರಿ ಅಂಗಳದ ಕಲ್ಲಿನ ಮೇಲೆ ಬಿತ್ತು. ಮರ ಬಿದ್ದ ಸದ್ದಲ್ಲ ಅದು. ಟೊಂಯ್ ಅಂತ ಎದ್ದು ಒಂದು ಕ್ಷಣ ನಿಂತಿತು. ಅಷ್ಟು ವರ್ಷ ಅಜ್ಜಿಯ ಭಾರ ಹೊತ್ತ ಹಲಗೆಯೊಳಗೆ ಇಂಥ ದನಿ ಇತ್ತಾ ಅನ್ನಿಸಿತು. ಮರದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ಮರಿಂಬಾ ಎನ್ನುವ ವಾದ್ಯದ ಒಳ್ಳೆಯ ಪಟ್ಟಿಗಳನ್ನು ಹೊಂಡುರಾಸ್ ಬೀಟೆಯಲ್ಲಿ ಮಾಡುತ್ತಾರೆ. ನಮ್ಮ ಮಲೆನಾಡಿನ ಬೀಟೆ ಅದರ ದಾಯಾದಿ. ಮಂಚದಿಂದ ಅಂಥದ್ದೇ ವಾದ್ಯ ಮಾಡಬೇಕು ಅಂತ ಆವತ್ತೇ ತೀರ್ಮಾನ ಮಾಡಿದೆ.

ಮೊದಲ ಪಟ್ಟಿ 52 ಸೆಂಟಿಮೀಟರ್. ಹಾರ್ಮೋನಿಯಂನಲ್ಲಿ ಬಿಳಿ ಒಂದು ಎನ್ನುವ ಮನೆಯ ಸ್ವರಕ್ಕೆ ಕೂಡಿಸಿದೆ. ಅದು ಷಡ್ಜ, ಅಂದರೆ ಸ. ಒಂದು ಸ್ಥಾಯಿ ಮೇಲಿನ ಷಡ್ಜಕ್ಕೆ ಅದರ ಅರ್ಧ, 26 ಸೆಂಟಿಮೀಟರ್ ಕತ್ತರಿಸಿದೆ. ತಂತಿಯಲ್ಲಿ, ಕೊಳಲಿನಲ್ಲಿ ಅದೇ ಲೆಕ್ಕ ತಾನೇ? ಹೊಡೆದು ನೋಡಿದರೆ ಒಂದಲ್ಲ, ಎರಡು ಸ್ಥಾಯಿ ಮೇಲೆ ಹೋಗಿ ಕೂತಿದೆ! ನಿನ್ನಜ್ಜಿಯ ಮರವನ್ನು ಹಾಳು ಮಾಡಿದೆನಲ್ಲ ಅಂತ ಆವತ್ತು ಊಟ ಸೇರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ತಂತಿ ಬಿಗಿತದಿಂದ ನುಡಿಯುತ್ತದೆ, ಪಟ್ಟಿ ಬಾಗಿ ನುಡಿಯುತ್ತದೆ. ದಪ್ಪ ಅಷ್ಟೇ ಇದ್ದು ಪಟ್ಟಿಯ ಉದ್ದ ಅರ್ಧವಾದರೆ ಕಂಪನ ನಾಲ್ಕು ಪಟ್ಟಾಗುತ್ತದೆ. ಒಂದೇ ಸ್ಥಾಯಿ ಏರಲು ಕಂಪನ ಎರಡು ಪಟ್ಟಾದರೆ ಸಾಕು, ಅದಕ್ಕೆ ಉದ್ದವನ್ನು 1.414ರಿಂದ ಭಾಗಿಸಬೇಕು. ಅಂದರೆ ಸುಮಾರು 36.8. ಪಂಚಮಕ್ಕೆ ಸುಮಾರು 42.5.

ಅಷ್ಟಾದರೂ ಲೆಕ್ಕ ಸ್ವರದ ಹತ್ತಿರಕ್ಕೆ ತಂದು ಬಿಡುತ್ತದೆ, ಅಷ್ಟೇ. ಒಂದೇ ಹಲಗೆಯಲ್ಲೂ ಒಂದು ತುದಿ ಭಾರ, ಒಂದು ತುದಿ ಹಗುರ. ಉಳಿದದ್ದೆಲ್ಲ ಕಿವಿಯ ಕೆಲಸ. ಪಟ್ಟಿಯ ತಳದಲ್ಲಿ ನಡುವೆ ಉಜ್ಜಿದರೆ ಸ್ವರ ಇಳಿಯುತ್ತದೆ, ತುದಿಯಲ್ಲಿ ಉಜ್ಜಿದರೆ ಏರುತ್ತದೆ. ನಾಲ್ಕು ಸಲ ಅರ ಹಾಕು, ಪುಡಿ ಊದು, ಹೊಡೆದು ಕೇಳು. ಮತ್ತೆ ಅರ ಹಾಕು. ಸಂಜೆ ಕೊಟ್ಟಿಗೆಯಲ್ಲಿ ಕೂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ನಿನಗೆ ತೋರಿಸಬೇಕು ಅಂತ ತುಂಬಾ ಆಸೆಯಾದದ್ದು ಉಪ್ಪಿನ ಆಟ. ಪಟ್ಟಿಯನ್ನು ಎಲ್ಲಿ ಹಿಡಿದರೆ ದನಿ ಸಾಯುವುದಿಲ್ಲ ಅಂತ ಪಟ್ಟಿಯೇ ಹೇಳುತ್ತದೆ, ರಾಘು. ಅದರ ಮೇಲೆ ಪುಡಿ ಉಪ್ಪು ಉದುರಿಸಿ ಮೆಲ್ಲಗೆ ತಟ್ಟುತ್ತಾ ಹೋಗು. ಉಪ್ಪು ಕುಣಿಯುತ್ತಾ ಸರಿದು ಎರಡು ಗೆರೆಯಾಗಿ ನಿಲ್ಲುತ್ತದೆ. ಆ ಗೆರೆಗಳಲ್ಲಿ ಮರ ಅಲುಗುವುದಿಲ್ಲ. ತೂತು ಕೊರೆದು ದಾರ ಪೋಣಿಸಬೇಕಾದ್ದು ಅಲ್ಲೇ. ಪುಸ್ತಕದ ಲೆಕ್ಕವೂ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ: ಪ್ರತಿ ತುದಿಯಿಂದ ಉದ್ದದ ನೂರಕ್ಕೆ 22.4 ಪಾಲು. ನನ್ನ ಷಡ್ಜದ ಪಟ್ಟಿಗೆ ಹನ್ನೊಂದೂವರೆ ಸೆಂಟಿಮೀಟರಿನ ಆಸುಪಾಸು. ಉಪ್ಪು ಅಲ್ಲೇ ಬಂದು ನಿಂತಾಗ ನನಗೆ ಕಣ್ಣು ತುಂಬಿ ಬಂತು.

ಪಟ್ಟಿಯ ಕೆಳಗೆ ತೋಟದ ಪಿವಿಸಿ ಪೈಪು ಕಟ್ಟಿದ್ದೇನೆ, ಬುಡ ಮುಚ್ಚಿ. ದನಿ ತುಂಬಿಕೊಳ್ಳಲು. ಅದರ ಉದ್ದ ಕಂಡುಹಿಡಿದದ್ದು ನೀರಿನಿಂದ. ಉದ್ದನೆಯ ಪೈಪಿಗೆ ನಿಧಾನವಾಗಿ ನೀರು ಹಾಕುತ್ತಾ ಮೇಲೆ ಪಟ್ಟಿ ಬಾರಿಸುತ್ತಿರಬೇಕು. ಒಂದು ಮಟ್ಟಕ್ಕೆ ನೀರು ಬಂದಾಗ ದನಿ ತಟ್ಟನೆ ಅರಳುತ್ತದೆ. ನೀರಿನಿಂದ ಪೈಪಿನ ಬಾಯಿಗೆ ಎಷ್ಟಿದೆಯೋ ಅಷ್ಟೇ ಅಳತೆ. ಷಡ್ಜಕ್ಕೆ ಸುಮಾರು 32 ಸೆಂಟಿಮೀಟರ್ ಬಂತು.

ಈ ತಿಂಗಳುಗಳಲ್ಲೆಲ್ಲ ನನಗೆ ಜೊತೆಯಾಗಿದ್ದವರು ಹ್ಯಾರಿ ಪಾರ್ಚ್. ಅಮೆರಿಕದ ಸಂಗೀತ ಸಂಯೋಜಕರು, 1901ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡರು. ಪಿಯಾನೋದಲ್ಲಿ ಒಂದು ಸ್ಥಾಯಿಗೆ 12 ಸ್ವರ. ಅವರ ಕಿವಿಗೆ ಅದು ಸಾಲಲಿಲ್ಲ, 43 ಬೇಕಾಯಿತು. ಅಂಥ ವಾದ್ಯ ಯಾವ ಅಂಗಡಿಯಲ್ಲಿ ಸಿಗಬೇಕು? ಜೀವನವಿಡೀ ತಾವೇ ಮಾಡುತ್ತಾ ಹೋದರು. ಬರ್ಕ್ಲಿಯ ರೇಡಿಯೇಷನ್ ಪ್ರಯೋಗಾಲಯದವರು ಬೇಡವೆಂದು ಬಿಟ್ಟ ದೊಡ್ಡ ಪೈರೆಕ್ಸ್ ಗಾಜಿನ ಜಾಡಿಗಳನ್ನು ಕತ್ತರಿಸಿ, ಚೌಕಟ್ಟಿಗೆ ನೇತುಹಾಕಿ, ಮೆತ್ತನೆ ಕೋಲಿನಿಂದ ಬಾರಿಸಿದರು. ಕ್ಲೌಡ್ ಚೇಂಬರ್ ಬೌಲ್ಸ್ ಅಂತ ಅದರ ಹೆಸರು. ಒಂದು ಒಡೆದರೆ ಅದೇ ಸ್ವರದ ಇನ್ನೊಂದು ಸಿಗುವ ಭರವಸೆ ಇಲ್ಲ. ಸಿಕ್ಕಿದ ಗಾಜು ಯಾವ ಸ್ವರ ಕೊಡುತ್ತದೋ ಅದನ್ನು ಒಪ್ಪಿಕೊಳ್ಳಬೇಕು. ವಾದ್ಯಗಳು ವೇದಿಕೆಯ ನಡುವೆ ಎಲ್ಲರಿಗೂ ಕಾಣುವ ಹಾಗೆ ಇರಬೇಕು, ನುಡಿಸುವವರು ಬರೀ ಕೈಯಿಂದಲ್ಲ, ಇಡೀ ಮೈಯಿಂದ ನುಡಿಸಬೇಕು ಅನ್ನುವುದು ಅವರ ಹಟ. ಎಲ್ಲರಿಗೂ ಹತ್ತಿರದಿಂದ ಕಾಣಲಿ ಅಂತ ನಾನು ವೇದಿಕೆಯೇ ಬೇಡ ಅಂದೆ. ಮಂಚದ ವಾದ್ಯವನ್ನು ಸಭಾಂಗಣದ ನಡುವೆ ಇಟ್ಟೆ, ಜನ ಸುತ್ತ ಕೂತರು.

ಏಪ್ರಿಲ್ ಬಿಸಿಲಲ್ಲಿ ಕೂಡಿಸಿದ ಸ್ವರ, ಕಾರ್ಯಕ್ರಮ ಶ್ರಾವಣದ ಜಡಿಮಳೆಯಲ್ಲಿ. ಚಿಕ್ಕಪ್ಪ ಹಾರ್ಮೋನಿಯಂ ತಂದಿದ್ದರು. ಷಡ್ಜ ಹಿಡಿದರು, ನಾನು ಬಾರಿಸಿದೆ. ಎರಡೂ ಸೇರಿ ವೊಂಯ್ ವೊಂಯ್ ಅಂತ ಅಲೆಯಾಡಿತು. ಮರ ತೇವ ಕುಡಿದು ಸ್ವರ ಕೂದಲೆಳೆಯಷ್ಟು ಇಳಿದಿತ್ತು. ಅರ ಮನೆಯಲ್ಲಿತ್ತು. ಜನ ಆಗಲೇ ಕೂತಿದ್ದರು. ನನ್ನ ಕೈ ತಣ್ಣಗಾಯಿತು.

ಚಿಕ್ಕಪ್ಪ ಎರಡು ಸಲ ಕೇಳಿದರು. ಆಮೇಲೆ ಹಾರ್ಮೋನಿಯಂನ ತಿದಿ ಮುಚ್ಚಿ ಪಕ್ಕಕ್ಕೆ ಸರಿಸಿ, "ಅಮ್ಮನ ಮಂಚ ಎಲ್ಲಿದೆಯೋ ನಾನು ಅಲ್ಲಿಗೆ ಬರ್ತೇನೆ, ನೀನು ಬಾರಿಸು" ಅಂದರು. ಮೋಹನ ರಾಗದ ಐದು ಸ್ವರ, ಮೇಲಿನ ಷಡ್ಜ, ಒಟ್ಟು ಆರು ಪಟ್ಟಿ. ಅಷ್ಟರಲ್ಲೇ ಅಜ್ಜಿಯ ಲಾಲಿ ಹಾಡಿದರು. ನಮ್ಮಿಬ್ಬರನ್ನೂ ಮಲಗಿಸುತ್ತಿದ್ದ ಅದೇ ಲಾಲಿ. ಹೊರಗೆ ಮಳೆ, ಒಳಗೆ ಉಸಿರಿನ ಸದ್ದೂ ಇಲ್ಲ.

ಏಳನೆಯದು ಕುಟ್ಟೆ ಹಿಡಿದ ಪಟ್ಟಿ. ಎಷ್ಟು ಉಜ್ಜಿದರೂ ರಿಷಭಕ್ಕೂ ಬರಲಿಲ್ಲ, ಗಾಂಧಾರಕ್ಕೂ ಬರಲಿಲ್ಲ. ಎಸೆಯಲಿಲ್ಲ. ಲಾಲಿ ಮುಗಿದ ಮೇಲೆ ಅದೊಂದನ್ನೇ ಬಾರಿಸಿ ಬಿಟ್ಟೆ. ಆಮೇಲೆ ಮಕ್ಕಳೆಲ್ಲ ಬಂದು ಮುತ್ತಿಕೊಂಡರು. ಅವರಿಗೆ ಜಾಸ್ತಿ ಇಷ್ಟವಾದದ್ದು ಅದೇ. ಪಪ್ಪಾಯಿ ದಂಟಿನ ಪೀಪಿ ಊದುತ್ತಾ ತೋಟ ಸುತ್ತುತ್ತಿದ್ದ ನಮ್ಮ ಹಾಗೇ ಇದ್ದರು ನೋಡು.

ಈಗ ನಿನ್ನನ್ನು ಒಂದು ಮಾತು ಕೇಳಬೇಕು. ಮಂಚದ ನಾಲ್ಕು ಕಾಲು ನಮ್ಮ ಅಟ್ಟದ ಮೇಲಿವೆ. ಕಡೆದ ಕೆಲಸ, ಗಟ್ಟಿ ಬೀಟೆ. ಸೀಳಿದರೆ ಮೇಲಿನ ಸ್ಥಾಯಿಯ ಸ್ವರಗಳಿಗೆ ಸಾಕಾಗುತ್ತದೆ. ಆದರೆ ಅವುಗಳಲ್ಲಿ ಒಂದರ ಮೇಲೆ ನೀನು ಚಿಕ್ಕವನಿದ್ದಾಗ ಮೊಳೆಯಿಂದ ಗೀಚಿದ ನಿನ್ನ ಹೆಸರಿದೆ. ಅಜ್ಜಿ ಬೈದದ್ದೂ ನನಗೆ ನೆನಪಿದೆ. ನೀನು ಹೂಂ ಅನ್ನುವವರೆಗೆ ಗರಗಸ ಮುಟ್ಟುವುದಿಲ್ಲ. ದೀಪಾವಳಿಗೆ ಬಂದಾಗ ನೋಡಿ ಹೇಳಿದರೂ ಆಯಿತು. ಕೋಲು ಎರಡು ಜೊತೆ ಮಾಡಿಟ್ಟಿದ್ದೇನೆ.

ನಿನ್ನ,
ಸತೀಶ
ಸಾಗರ