ಶನಿವಾರ ಪಿಜ್ಜಾ ಮಾಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ ಅವರವರ ಮನೆಯಲ್ಲೇ ಪಿಜ್ಜಾ ಮಾಡುವುದೆಂದು ತೀರ್ಮಾನವಾಗಿದೆಯಲ್ಲ, ಹಿಟ್ಟನ್ನು ಶುಕ್ರವಾರ ರಾತ್ರಿಯೇ ಕಲಸಿಡಿ. 500 ಗ್ರಾಂ ಮೈದಾಕ್ಕೆ 325 ಮಿಲಿಲೀಟರ್ ನೀರು, 10 ಗ್ರಾಂ ಉಪ್ಪು, 2 ಗ್ರಾಂ ಒಣ ಯೀಸ್ಟ್ ಸಾಕು. ಹಿಟ್ಟು ಕೈಗೆ ಅಂಟುತ್ತದೆ. ಗಾಬರಿಯಾಗಿ ಮತ್ತಷ್ಟು ಮೈದಾ ಸುರಿಯಬೇಡಿ. ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ನಿಧಾನವಾಗಿ ಹುದುಗಿ ರುಚಿ ಕಟ್ಟುತ್ತದೆ. ಬೇಯಿಸುವ ಎರಡು ಗಂಟೆ ಮೊದಲು ಹೊರಗೆ ತೆಗೆದು, ಉಂಡೆ ಕಟ್ಟಿಡಿ. ತಣ್ಣಗಿನ ಹಿಟ್ಟನ್ನು ಎಳೆದರೆ ಅದು ಹಟಮಾರಿ ಮಗುವಿನಂತೆ ಹಿಂದಕ್ಕೇ ಹೋಗುತ್ತದೆ.

ಲಟ್ಟಣಿಗೆ ಬೇಡವೇ ಬೇಡ. ಅಂಚಿನಲ್ಲಿರುವ ಗಾಳಿಯೆಲ್ಲ ಹೊರಟುಹೋಗಿ ಪಿಜ್ಜಾ ಚಪಾತಿಯಾಗುತ್ತದೆ. ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ಒತ್ತಿ.

ಮುಖ್ಯ ವಿಷಯ ಓವನ್ನಿನದು. ಇಟಲಿಯ ನೇಪಲ್ಸ್‌ನ ಸೌದೆ ಒಲೆ 400 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಅಲ್ಲಿ ಒಂದೂವರೆ ನಿಮಿಷದೊಳಗೆ ಬೇಯುತ್ತದೆ. ನಮ್ಮದು ಹೆಚ್ಚೆಂದರೆ 250. ಆದ್ದರಿಂದ ದಪ್ಪ ಟ್ರೇಯನ್ನು ಬೋರಲು ಹಾಕಿ ಕನಿಷ್ಠ ಅರ್ಧ ಗಂಟೆ ಕಾಯಿಸಿ, ಅದರ ಮೇಲೆ ಪಿಜ್ಜಾವನ್ನು ಜಾರಿಸಿ. ಕಳೆದ ಬಾರಿ ನಾನು ತಣ್ಣನೆಯ ಟ್ರೇ ಬಳಸಿದ್ದೆ. ಮೇಲೆ ಚೀಸ್ ಕಪ್ಪಾಯಿತು, ಕೆಳಗೆ ಹಸಿ ಹಿಟ್ಟು ಉಳಿಯಿತು. ಚಿತ್ರ ಹಾಕಿರಲಿಲ್ಲ, ಕಾರಣ ಈಗ ತಿಳಿಯಿತಲ್ಲ! ಎಂಟರಿಂದ ಹತ್ತು ನಿಮಿಷ ಸಾಕಾಗುತ್ತದೆ, ಆದರೂ ಗಡಿಯಾರಕ್ಕಿಂತ ಅಂಚಿನ ಬಣ್ಣವನ್ನು ನಂಬಿ.

ಟೊಮೆಟೊ ಸಾಸ್ ತೆಳುವಾಗಿ ಸವರಿ. ತಾಜಾ ಮೊಝರೆಲ್ಲಾ ಚೀಸ್ ಬಳಸುವವರು ಅದರ ನೀರು ಬಸಿದಿಡಿ. ಅಣಬೆಯನ್ನು ಮೊದಲೇ ಬಾಡಿಸಿಕೊಳ್ಳಿ.

ಯಾರ ಬಳಿ ಅಡುಗೆ ತಕ್ಕಡಿ ಇಲ್ಲವೋ ಅವರು ಇಂದೇ ತಿಳಿಸಿ, ಲೋಟದ ಅಳತೆ ಕಳುಹಿಸುತ್ತೇನೆ.