ಈ ವಾರದ ಚರ್ಚೆ: ಕ್ರೈಸ್ತರ ಪವಿತ್ರ ಕಲೆ

ಸದಸ್ಯರೆಲ್ಲರಿಗೂ ನಮಸ್ಕಾರ. ಈ ವಾರ ಕ್ರೈಸ್ತರ ಪವಿತ್ರ ಕಲೆಯ ಬಗ್ಗೆ ಮಾತನಾಡೋಣ. ಚಂದದ ಚಿತ್ರವೆಂದು ಹಂಚಿಕೊಂಡು ಮುಂದೆ ಸಾಗುವುದು ಬೇಡ. ಇವು ಪ್ರಾರ್ಥನೆಗಾಗಿ ಹುಟ್ಟಿದವು. ಹಾಗೆಂದು ತಿಳಿದೇ ನೋಡೋಣ.

ಈಜಿಪ್ಟಿನ ಸಿನಾಯ್ ಬೆಟ್ಟದ ತಪ್ಪಲಿನ ಸಂತ ಕ್ಯಾಥರೀನ್ ಮಠದಲ್ಲಿರುವ, ಆರನೆಯ ಶತಮಾನದ ಕ್ರಿಸ್ತನ ಐಕಾನ್‌ನಿಂದ, ಅಂದರೆ ಪ್ರಾರ್ಥನೆಗೆ ಬಳಸುವ ಪವಿತ್ರ ಚಿತ್ರದಿಂದ, ಆರಂಭಿಸೋಣ. ಬಿಸಿ ಜೇನುಮೇಣದಲ್ಲಿ ಬಣ್ಣ ಕಲಸಿ ಮರದ ಹಲಗೆಯ ಮೇಲೆ ಬರೆದ ಚಿತ್ರವಿದು. ಮುಖದ ಒಂದು ಪಕ್ಕವನ್ನು ಕೈಯಿಂದ ಮುಚ್ಚಿ ನೋಡಿ, ಆಮೇಲೆ ಇನ್ನೊಂದನ್ನು. ನಮ್ಮ ಎಡಕ್ಕೆ ಕಾಣುವ ಅರ್ಧ ಶಾಂತವಾಗಿದೆ. ಬಲಕ್ಕೆ ಕಾಣುವ ಅರ್ಧದಲ್ಲಿ ಹುಬ್ಬು ಏರಿದೆ, ನೋಟ ಕಠಿಣ. ಕರುಣೆ, ತೀರ್ಪು ಎರಡೂ ಒಂದೇ ಮುಖದಲ್ಲಿವೆ ಎಂದು ಹಲವರು ಹೇಳುತ್ತಾರೆ; ನನಗೂ ಅದೇ ಸರಿಯೆನಿಸುತ್ತದೆ.

ಇಂತಹ ಚಿತ್ರ ಉಳಿದುಬಂದದ್ದೇ ದೊಡ್ಡದು. ಎಂಟನೆಯ ಶತಮಾನದಲ್ಲಿ ಬೈಜಾಂಟಿಯಂನ (ಪೂರ್ವ ರೋಮನ್ ಸಾಮ್ರಾಜ್ಯದ) ಚಕ್ರವರ್ತಿಗಳು ಐಕಾನ್‌ಗಳನ್ನು ನಿಷೇಧಿಸಿದರು. ಆರಾಧನೆ ದೇವರಿಗೆ ಮಾತ್ರ, ಚಿತ್ರಕ್ಕೆ ತೋರುವ ಗೌರವ ಅದರಲ್ಲಿರುವವರಿಗೆ ಸಲ್ಲುತ್ತದೆ ಎಂದು 787ರಲ್ಲಿ ಚರ್ಚ್‌ನ ಧರ್ಮಾಧ್ಯಕ್ಷರು ಸೇರಿದ್ದ ಎರಡನೆಯ ನೈಸೀಯ ಮಹಾಸಭೆ ತೀರ್ಮಾನಿಸಿತು. ನಿಷೇಧ ಮತ್ತೆ ಬಂದು, 843ರಲ್ಲಿ ಕೊನೆಗೊಂಡಿತು. ಪ್ರೊಟೆಸ್ಟಂಟ್ ಸುಧಾರಣಾ ಚಳವಳಿಯ ಕಾಲದಲ್ಲಿ, 1524ರಲ್ಲಿ, ಜ್ಯೂರಿಕ್‌ನ ಚರ್ಚ್‌ಗಳಿಂದಲೂ ಚಿತ್ರಗಳನ್ನು ತೆಗೆದರು. ಜನ ಚಿತ್ರವನ್ನೇ ಆರಾಧಿಸಿಬಿಡಬಹುದೆಂಬ ಅವರ ಆತಂಕವನ್ನು ಹಗುರವಾಗಿ ತಳ್ಳಿಹಾಕಬಾರದು.

ನಮ್ಮ ಕಾಲಕ್ಕೆ ಹತ್ತಿರದ್ದೆಂದರೆ ಫ್ರಾನ್ಸಿನ ವಾನ್ಸ್‌ನಲ್ಲಿ ಫ್ರೆಂಚ್ ಚಿತ್ರಕಾರ ಮಾತಿಸ್ ರೂಪಿಸಿದ, 1951ರಲ್ಲಿ ಪೂರ್ಣಗೊಂಡ ಪ್ರಾರ್ಥನಾಮಂದಿರ: ಬಿಳಿ ಟೈಲ್ಸ್ ಮೇಲೆ ಕಪ್ಪು ಗೆರೆಗಳು, ಕಿಟಕಿಗಳಲ್ಲಿ ಹಳದಿ, ಹಸಿರು, ನೀಲಿ ಗಾಜು.

ಚಿತ್ರ ಕಳುಹಿಸುವವರು ಅದು ಇರುವ ಸ್ಥಳ, ಕಾಲ, ಬಳಸಿದ ಸಾಮಗ್ರಿಯನ್ನು ತಪ್ಪದೆ ಬರೆಯಬೇಕು. ಅಂಚು ಕತ್ತರಿಸಬೇಡಿ. ಬೇರೆ ಪಂಗಡದವರ ಪದ್ಧತಿಯನ್ನು ಹಳಿಯುವ ಸಂದೇಶಗಳನ್ನು ತೆಗೆದುಹಾಕಲಾಗುವುದು.