ಕಾಡಿನೊಳಗಿನ ಬುದ್ಧನ ಗುಡಿಗೆ ಈ ಮಳೆಗಾಲಕ್ಕೆ ಮುಂಚೆ ನಿಮ್ಮ ನೆರವು ಬೇಕು

ಆತ್ಮೀಯರೇ,

ನಮ್ಮ ಗುಡಿ ಪುಟ್ಟದು. ಕಾಲುದಾರಿ ಹಿಡಿದು ನಡೆದೇ ಬರಬೇಕು. ಇಟ್ಟಿಗೆಯ ಒಂದೇ ಕೋಣೆ, ಪಕ್ಕದಲ್ಲಿ ಒಂದು ಸ್ತೂಪ. ಒಳಗೆ ಭೂಮಿಸ್ಪರ್ಶ ಮುದ್ರೆಯಲ್ಲಿ ಕುಳಿತ ಕಲ್ಲಿನ ಬುದ್ಧ. ಬಲಗೈ ಮೊಣಕಾಲಿನ ಮೇಲಿಂದ ಇಳಿದು, ಬೆರಳ ತುದಿ ನೆಲ ಮುಟ್ಟಿದೆ. ಈಗ ಆ ಬೆರಳುಗಳವರೆಗೂ ತೇವ ಬಂದಿದೆ. ಕಲ್ಲಿನ ಮೇಲೆ ಬಿಳಿ ಉಪ್ಪು ಪುಡಿಪುಡಿಯಾಗಿ ಕೂತಿದೆ.

ಹಿಂದೆ ಯಾರೋ ಒಳ್ಳೆಯ ಮನಸ್ಸಿನಿಂದಲೇ ಗೋಡೆಯ ಬಿರುಕಿಗೆಲ್ಲ ಸಿಮೆಂಟ್ ಮೆತ್ತಿದ್ದಾರೆ. ತೊಂದರೆ ಶುರುವಾಗಿದ್ದು ಅಲ್ಲಿಂದಲೇ. ಹಳೆಯ ಇಟ್ಟಿಗೆ, ಸುಣ್ಣದ ಗಾರೆ ಎರಡೂ ನೀರು ಹೀರುತ್ತವೆ, ಬಿಸಿಲು ಬಂದಾಗ ಆರುತ್ತವೆ. ಸಿಮೆಂಟ್ ಆರಲು ಬಿಡುವುದಿಲ್ಲ. ಸಿಕ್ಕಿಬಿದ್ದ ನೀರು ಉಪ್ಪನ್ನೂ ಎಳೆದುಕೊಂಡು ಇಟ್ಟಿಗೆಯ ಮೂಲಕವೇ ಹೊರಗೆ ಬರುತ್ತದೆ. ಇಟ್ಟಿಗೆ ಪದರ ಪದರವಾಗಿ ಉದುರುತ್ತದೆ. ಕೈಯಿಟ್ಟರೆ ಸಾಕು, ಕೆಂಪು ಪುಡಿ ಅಂಟುತ್ತದೆ.

ಅರಳಿ ಸಸಿಗಳದ್ದು ಇನ್ನೊಂದು ಕಷ್ಟ. ಬೋಧಗಯೆಯಲ್ಲಿ ಸಿದ್ಧಾರ್ಥನಿಗೆ ಅರಿವು ಮೂಡಿದ್ದು ಅರಳಿ ಮರದಡಿಯಲ್ಲೇ ಅಲ್ವಾ? ಹಾಗಾಗಿ ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಹಕ್ಕಿಗಳಿಂದ ಬಿದ್ದ ಬೀಜ ಇಟ್ಟಿಗೆಯ ಸಂದಿಯಲ್ಲಿ ಮೊಳೆಯುತ್ತದೆ. ಬೇರು ದಪ್ಪಗಾದ ಮೇಲೆ ಕಿತ್ತರೆ ಇಟ್ಟಿಗೆಯೂ ಕಿತ್ತುಬರುತ್ತದೆ. ಸಸಿ ಚಿಕ್ಕದಿರುವಾಗಲೇ ತೆಗೆದು ಕಾಡಿನಂಚಿನಲ್ಲಿ ನೆಡಬೇಕು. ಇದು ವರ್ಷವಿಡೀ ಇರುವ ಕೆಲಸ.

ಮಳೆಗಾಲದ 3 ತಿಂಗಳು ಭಿಕ್ಷುಗಳು ತಿರುಗಾಡದೆ ಒಂದೇ ಕಡೆ ತಂಗಬೇಕೆಂಬ ನಿಯಮ ಬುದ್ಧನ ಕಾಲದ್ದು. ಅದೇ ವರ್ಷಾವಾಸ. ಮಳೆಯಿಂದ ಕಾಪಾಡುವ ನೆಲೆಗಳೇ ಬರಬರುತ್ತಾ ವಿಹಾರಗಳು, ಅಂದರೆ ಭಿಕ್ಷುಗಳ ಮಠಗಳಾದವು. ಅದಕ್ಕೇ ನಮ್ಮ ಮೊದಲ ಕೆಲಸವೂ ನೀರಿನದ್ದೇ. ಗುಡಿಯ ಸುತ್ತ ಚರಂಡಿ ತೋಡಿಸಬೇಕು. ಆಮೇಲೆ ಸಿಮೆಂಟನ್ನು ಕೈ ಉಳಿಯಿಂದ ನಿಧಾನವಾಗಿ ಬಿಡಿಸಿ, ಹದವಾಗಿ ಕಳಿತ ಸುಣ್ಣದ ಗಾರೆ ತುಂಬಬೇಕು. ಈ ಕೆಲಸ ಬಲ್ಲ ಗಾರೆಯವರು ಕಡಿಮೆ. ಖರ್ಚು ಜಾಸ್ತಿ ಆಗುವುದು ಅವರ ಕೂಲಿಗೇ.

ಬಣ್ಣ, ಟೈಲ್ಸ್, ಬಣ್ಣದ ದೀಪಕ್ಕೆ ಒಂದು ಪೈಸೆಯೂ ಹೋಗುವುದಿಲ್ಲ. ಹೊಸ ಕಟ್ಟಡವೂ ಬೇಡ. ಗುಡಿ ಇದ್ದ ಹಾಗೇ ಉಳಿಯಲಿ ಎನ್ನುವುದು ನಮ್ಮ ಆಸೆ.

ನಿಮ್ಮ ಕೈಲಾದಷ್ಟು ಕೊಡಿ. ಚಿಕ್ಕ ಮೊತ್ತಕ್ಕೂ ರಸೀದಿ ಕೊಡುತ್ತೇವೆ. ಖರ್ಚಿನ ಲೆಕ್ಕವನ್ನು ಫೋಟೋ ಸಮೇತ ದಾನಿಗಳಿಗೆಲ್ಲ ಕಳಿಸುತ್ತೇವೆ. ಹಣ ಕೊಡಲಾಗದವರು ಬಿಡುವಿದ್ದಾಗ ಬಂದು ತರಗೆಲೆ ಗುಡಿಸಿ, ಸುಣ್ಣದ ಚೀಲ ಹೊರಲು ಕೈಜೋಡಿಸಿ. ವಾಹನ ಹೋಗದ ದಾರಿಯಲ್ಲಿ ಅದೂ ದೊಡ್ಡ ದೇಣಿಗೆಯೇ. ಬಂದಾಗ ವಿಗ್ರಹದ ಹತ್ತಿರ ಕರ್ಪೂರ, ಎಣ್ಣೆ ದೀಪ ಹಚ್ಚಬೇಡಿ, ಮಸಿ ಹಿಡಿಯುತ್ತದೆ. ಹೂವಿಟ್ಟರೆ ಸಾಕು.

ಗುಡಿಯ ಟ್ರಸ್ಟಿನ ಪರವಾಗಿ